ಸೆಟ್ಟಿಂಗ್ ಪೀಸ್ ಯಾರ ಮಾತು

ಬಾಗಲಗುಂಟೆಯ ಮುನೀಂದ್ರನಿಗೆ ಆಸ್ತಿಪಾಸ್ತಿಯ ಮೇಲೆ ಹೊಟ್ಟೆಕಿಚ್ಚಿಲ್ಲ. ಪಕ್ಕದ ಮನೆಯವರು ಮೂರನೇ ಮಹಡಿ ಎಬ್ಬಿಸಿದಾಗಲೂ ‘ಎಬ್ಬಿಸ್ಕೊಳ್ಲಿ ಬಿಡು’ ಎಂದು ಹಲ್ಲುಜ್ಜುತ್ತಾ ನಿಂತಿದ್ದ. ಅವನ ಹೊಟ್ಟೆ ಉರಿಯುವುದು ಮಾತಿಗೆ. ಬೇರೆಯವನ ಮಾತಿಗೆ ನಾಲ್ಕು ಜನ ನಕ್ಕರೆ ಅವನಿಗೆ ಅನ್ನ ಸೇರದು.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಅವನು ಲೇತ್ ಕೆಲಸಗಾರ. ಅಲ್ಲಿ ಓಡಾಡುವ ತಮಾಷೆಯ ಮಾತುಗಳಿಗೆಲ್ಲ ಅವನೇ ಅಪ್ಪ. ಕಬ್ಬಿಣ ಕೊರೆಯುವಾಗ ಕಾವೇರದಂತೆ ಸುರಿಯುವ ಹಾಲುಬಣ್ಣದ ನೀರಿಗೆ ಕೂಲಂಟ್ ಎನ್ನುತ್ತಾರೆ. ಸೂಪರ್‌ವೈಸರ್ ಎಗರಾಡುತ್ತಿದ್ದ ಒಂದು ದಿನ ಮುನೀಂದ್ರ ಮೆಲ್ಲಗೆ, “ಯಾರಾದ್ರೂ ಕೂಲಂಟ್ ಬಿಡ್ರೋ,” ಎಂದಿದ್ದ. ಈಗ ಬಸ್‌ಸ್ಟಾಪಿನ ಸೊಪ್ಪಿನವಳೂ ಸಿಟ್ಟಾದ ಗಿರಾಕಿಗೆ ‘ಕೂಲಂಟ್ ಬಿಡ್ಕಳಣ್ಣ’ ಎನ್ನುತ್ತಾಳೆ. ಅದನ್ನು ಕೇಳಿದ ದಿನ ಮುನೀಂದ್ರ ಬೇಡದಿದ್ದರೂ ಎರಡು ಕಟ್ಟು ಸೊಪ್ಪು ಕೊಂಡ.

ಆ ಕಾರ್ಖಾನೆಯಲ್ಲೊಂದು ಪದ್ಧತಿ. ಆಯುಧಪೂಜೆಯ ದಿನ ಹೊಸ ಮಿಷಿನ್ನಿಗೆ ಹೆಸರಿಡುತ್ತಾರೆ. ಆ ವರ್ಷ ಯಾರ ಮಾತು ಎಲ್ಲರ ಬಾಯಿಗೂ ಹತ್ತಿತೋ, ಅವನೇ ಕುಂಕುಮವಿಟ್ಟು ಹೆಸರು ಕೂಗಬೇಕು. ಇಷ್ಟು ವರ್ಷ ಕೂಗಿದವನು ಮುನೀಂದ್ರ.

ಈ ವರ್ಷ ಲಿಂಗಸುಗೂರಿನ ಕಡೆಯಿಂದ ಬಸಲಿಂಗ ಬಂದ. ಎರಡು ಮಕ್ಕಳ ತಂದೆ, ಮಾತು ಕಡಿಮೆ. ಅಂಥವನ ಬಾಯಿಂದ ಹುಟ್ಟಿದ ತಮಾಷೆ ‘ಸೆಟ್ಟಿಂಗ್ ಪೀಸ್’. ಮಿಷಿನ್ ಹೊಂದಿಸುವಾಗ ಮೊದಲು ಕೊರೆದು ನೋಡುವ ತುಂಡು ಅದು. ತಪ್ಪೆಲ್ಲ ಅದರ ಮೇಲೇ ಆಗಿ ಅದು ಗುಜರಿಗೆ ಹೋಗುತ್ತದೆ, ಆಮೇಲಿನವು ಸರಿಯಾಗಿ ಬರುತ್ತವೆ. ನೋಡುನೋಡುತ್ತಲೇ ಮನೆಯ ಮೊದಲ ಮಗ, ಹಿರಿಯ ಸೊಸೆ, ಹೊಸ ಹೋಟೆಲಿನ ಮೊದಲ ಗಿರಾಕಿ, ಎಲ್ಲರೂ ಸೆಟ್ಟಿಂಗ್ ಪೀಸ್ ಆಗಿಬಿಟ್ಟರು.

ಮುನೀಂದ್ರನಿಗೆ ಮೈಯೆಲ್ಲ ಉರಿ. ಮಾತು ಸಪ್ಪೆಯಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಹಾಳಾದ್ದು, ಚೆನ್ನಾಗಿತ್ತು.

ಹಬ್ಬದ ಹಿಂದಿನ ದಿನ ಊಟದ ಹೊತ್ತಿಗೆ, ಈ ಸಲ ಹೆಸರು ಕೂಗುವವರು ಯಾರೆಂಬ ಮಾತೆದ್ದಿತು. ಯಾರೋ ಬಸಲಿಂಗನ ಹೆಸರೆತ್ತುವಷ್ಟರಲ್ಲಿ ಮುನೀಂದ್ರ ಮುದ್ದೆ ಮುರಿಯುವುದನ್ನು ನಿಲ್ಲಿಸಿ, “ಸೆಟ್ಟಿಂಗ್ ಪೀಸ್ ನನ್ ಮಾತು ಕಣ್ರೋ. ಅವ್ನು ಬರೋಕ್ ಮುಂಚೇನೇ ಅಂದಿದ್ದೆ,” ಎಂದ.

ಎಲ್ಲರೂ ತಟ್ಟೆ ನೋಡಿಕೊಂಡರು. ಬಸಲಿಂಗ ಮಾತ್ರ ತಲೆಯೆತ್ತಿ, “ಹೌದ್ರಿ, ಅಣ್ಣಾರ ಮಾತು ಅದು. ನಾ ಅವರಿಂದನ ಕಲ್ತೀನಿ,” ಎಂದ.

ಮರುದಿನ ಬೆಳಿಗ್ಗೆ ಮುನೀಂದ್ರ ಹೊಸ ಅಂಗಿ ತೊಟ್ಟು, ಕುಂಕುಮದ ತಟ್ಟೆ ಹಿಡಿದು, ಟೀ ಕಾಯಿಸುವ ಅಂಜನಮ್ಮನ ಮುಂದೆ ಇದನ್ನೇ ಕೊಚ್ಚಿಕೊಂಡ. ಆಕೆ ಸೌಟು ಕೆಳಗಿಟ್ಟಳು.

“ಅಯ್ಯೋ ದಡ್ಡ, ಅದು ನಿನ್ ಮೇಲೇ ಕಟ್ಟಿದ್ ಮಾತು ಕಣಪ್ಪ. ಒಸಾ ಮಿಷಿನ್ ಬಂದ್ರೆ ಮೊದ್ಲು ನಿನ್ಗೇ ಕೊಡ್ತಾರೆ, ಒಸಾ ಶಿಫ್ಟ್ ಬಂದ್ರೆ ಮೊದ್ಲು ನಿನ್ನೇ ಆಕ್ತಾರೆ. ನಿನ್ ಮೇಲೆ ತಪ್ಪೆಲ್ಲ ಆಗಿ ಮುಗಿದ್ಮೇಲೆ ತಾನೆ ಮಿಕ್ಕೋರ್ಗೆ ಕೊಡೋದು? ನಿನ್ನೊಬ್ಬನ್ ಬಿಟ್ಟು ಎಲ್ರಿಗೂ ಗೊತ್ತು.”

ಮುನೀಂದ್ರನ ಮುಖ ಸುಟ್ಟ ಬದನೆಕಾಯಿಯಾಯಿತು. ತನ್ನನ್ನು ಆಡಿಕೊಂಡ ಮಾತಿಗೇ ತಾನು ಅಪ್ಪನೆಂದು ಎದೆ ತಟ್ಟಿಕೊಂಡಿದ್ದ. ಬಸಲಿಂಗನನ್ನು ಮಿಷಿನ್ನಿನ ಹಿಂದಕ್ಕೆ ಎಳೆದೊಯ್ದ.

“ನನ್ನ ಗುಜರಿಗ್ ಆಕ್ಬಿಟ್ಟು, ಮಾತೂ ಅಣ್ಣಂದೇ ಅಂತೀಯೇನೋ?”

“ಗುಜರಿ ಅಂದಿಲ್ರಿ ಅಣ್ಣಾ,” ಎಂದ ಬಸಲಿಂಗ. “ನೀವು ಮೊದ್ಲ ಕೆಟ್ಟಿದ್ದಕ್ಕ ನಾವು ನೆಟ್ಟಗ ಬಂದೀವಿ. ಅಷ್ಟ ಅಂದಿದ್ದೆ.”

ಅತ್ತ ಎಲ್ಲರೂ ಪೂಜೆಗೆ ಹೊತ್ತಾಯಿತೆಂದು ಕರೆಯುತ್ತಿದ್ದರು. ಮುನೀಂದ್ರನಿಗೆ ಅವಮಾನವೂ ಆಯಿತು, ಬಸಲಿಂಗನ ಮೇಲೆ ಅಕ್ಕರೆಯೂ ಉಕ್ಕಿತು. ಆದರೆ ಅವೆರಡನ್ನೂ ಮೆಟ್ಟಿ ಮೇಲೆದ್ದದ್ದು ಅದೇ ಹಳೆಯ ಹೊಟ್ಟೆಕಿಚ್ಚು. ಮೊದಲು ಕೆಟ್ಟಿದ್ದಕ್ಕೆ ನೆಟ್ಟಗೆ ಬಂದಿದ್ದೇವೆ. ಇಂಥದೊಂದು ಮಾತು ತನ್ನ ಬಾಯಿಗೆ ಯಾಕೆ ಬರಲಿಲ್ಲ?

ಕುಂಕುಮದ ತಟ್ಟೆಯನ್ನು ಬಸಲಿಂಗನ ಕೈಗೆ ತುರುಕಿದ.

“ಓಗು, ನೀನೇ ಕೂಗು. ಮುಂದಿನ್ ವರ್ಷ ನೋಡ್ಕೊತೀನಿ ನಿನ್ನ.”