ಕೆರೆಯ ಕಡೆ ಎತ್ತಿದ ಕೈ

ದೆವ್ವಗಳ ವಿಷಯದಲ್ಲಿ ನನ್ನ ನಿಲುವು ಬಹುಕಾಲ ಸ್ಪಷ್ಟವಾಗಿತ್ತು: ಅವು ಇಲ್ಲ, ಇದ್ದರೂ ಅವಕ್ಕೆ ಅಮೆರಿಕದ ವೀಸಾ ಸಿಗುವುದು ಕಷ್ಟ. ಇಷ್ಟು ಘನವಾದ ಸಿದ್ಧಾಂತವಿದ್ದವನೇ ಇದನ್ನು ಬರೆಯುತ್ತಿದ್ದಾನೆ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಕೆಲವು ವರ್ಷಗಳ ಹಿಂದೆ ಅಮೆರಿಕದ ಸೀಡರ್ ಪಾರ್ಕ್ ಎಂಬ ಊರಿನ ಹತ್ತಿರದ ಒಂದು ಗಾಲ್ಫ್ ಮೈದಾನದಲ್ಲಿ ನೀರಾವರಿಯ ಉಸ್ತುವಾರಿಗೆ ಸೇರಿಕೊಂಡೆ. ಕೃಷಿ ಎಂಜಿನಿಯರಿಂಗ್ ಓದಿ, ದನವೂ ಮೇಯದ ಹುಲ್ಲಿಗೆ ನೀರುಣಿಸುವ ಪದವಿಗೇರಿದ್ದೆ. ಇಲ್ಲಿಯ ಚಳಿ ಸ್ವೆಟರ್ ಹುಡುಕುವಷ್ಟರಲ್ಲಿ ಮುಗಿದುಹೋಗುತ್ತದೆ. ಆದರೆ ಒಮ್ಮೊಮ್ಮೆ ಕೆರಳಿತೆಂದರೆ ಪೈಪಿನೊಳಗಿನ ನೀರು ಹೆಪ್ಪುಗಟ್ಟಿ ಪೈಪನ್ನೇ ಸೀಳಿಬಿಡುತ್ತದೆ. ಹಾಗೆ ಸೀಳಿದ ಒಂದು ಚಳಿಯಲ್ಲೇ ನನ್ನ ಹಿಂದಿನವನ ಕೆಲಸ ಹೋಗಿತ್ತು. ಶೀತಗಾಳಿಯ ಎಚ್ಚರಿಕೆ ಬಂದ ಮಧ್ಯಾಹ್ನ ಮ್ಯಾನೇಜರು ಆ ಕಥೆಯನ್ನು ನನಗೆ ಬಹಳ ಅಕ್ಕರೆಯಿಂದ ಇನ್ನೊಮ್ಮೆ ಹೇಳಿದ.

ಪೈಪ್ ಸೀಳಬಾರದೆಂದರೆ ಚಳಿಗೆ ಮೊದಲೇ ಬಾಡಿಗೆ ಕಂಪ್ರೆಸರಿನಿಂದ ಗಾಳಿ ಊದಿ, ಪೈಪಿನ ನೀರನ್ನೆಲ್ಲ ಸ್ಪ್ರಿಂಕ್ಲರ್‌ಗಳ ಮೂಲಕ ಹೊರಹಾಕಬೇಕು. ಕಡಿಮೆ ಊದಿದರೆ ನೀರು ಉಳಿಯುತ್ತದೆ. ಹೆಚ್ಚು ಊದಿದರೆ ಒಣಗಾಳಿಗೆ ಸ್ಪ್ರಿಂಕ್ಲರ್ ಬಿಸಿಯಾಗಿ ಕೆಡುತ್ತದೆ. ಅದಕ್ಕೇ ನಾನು ಕಂಪ್ರೆಸರಿನ ಬಳಿ, ನನ್ನ ಜೊತೆ ಕೆಲಸ ಮಾಡುವ ಧಾರವಾಡದ ಶಿವಾನಂದ ದೂರದಲ್ಲಿ ಸ್ಪ್ರಿಂಕ್ಲರ್‌ಗಳ ಬಳಿ. ನೀರು ನಿಂತು ಬರೀ ಗಾಳಿ ಬಂದೊಡನೆ ಅವನು ಕೈ ಎತ್ತಬೇಕು, ನಾನು ವಾಲ್ವ್ ಮುಚ್ಚಬೇಕು. ಆ ಗದ್ದಲದಲ್ಲಿ ಫೋನು ಕೇಳಿಸುವುದಿಲ್ಲ.

ರಸ್ತೆ ಬದಿಯ ಪೈಪುಗಳು ಮುಗಿದ ಮೇಲೆ ಶಿವಾನಂದ ಬ್ಯಾಟರಿ ಗಾಡಿಯಲ್ಲಿ ಕೆರೆಯ ಕಡೆ ಹೊರಟ. ತಗ್ಗಾದ್ದರಿಂದ ಪೈಪಿನಲ್ಲಿ ನೀರು ಹೆಚ್ಚು ಉಳಿಯುವುದೇ ಅಲ್ಲಿ. ಸಂಜೆಯಾಗುತ್ತಿತ್ತು. ತುಂತುರಿನ ಆಚೆ, ನಾವಿಬ್ಬರೂ ಕೆಲಸಕ್ಕೆ ತೊಡುವಂಥ ಹಳದಿ ಜಾಕೆಟ್ ಕಾಣಿಸಿತು, ಕೈ ಮೇಲೆದ್ದಿತು. ವಾಲ್ವ್ ಮುಚ್ಚಿದೆ, ಮುಂದಿನ ಸಾಲಿನದನ್ನು ತೆರೆದೆ. ಮತ್ತೆ ಕೈ ಎದ್ದಿತು. ಹೀಗೇ ಕೊನೆಯವರೆಗೆ. ಕಂಪ್ರೆಸರಿನವನು ಬಂದು ತನ್ನ ಯಂತ್ರವನ್ನು ಒಯ್ದ.

ಆಗ ನನ್ನ ಬೆನ್ನ ಹಿಂದಿನ ಶೆಡ್ಡಿನಿಂದ ಶಿವಾನಂದ ಹೊರಬಂದ.

"ಏನ್ರೀ ಸಾಹೇಬ್ರ, ಕಂಪ್ರೆಸರ್ ಯಾಕ ಕಳಿಸಿದ್ರಿ? ಕೆರಿ ಕಡೆ ಆಗಿಲ್ಲಲ್ಲ!"

"ಆಯ್ತಲ್ಲ ಮಾರಾಯ! ನೀನೇ ಕೈ ಎತ್ತಿದೆಯಲ್ಲ?"

"ನಾ ಎಲ್ಲಿ ಹೋಗೀನ್ರೀ? ದಾರ್ಯಾಗ ಬ್ಯಾಟರಿ ಹೋತು. ಗಾಡಿ ದೂಕ್ಕೊಂಡ ಬಂದು ಈಗಷ್ಟ ಚಾರ್ಜಿಗೆ ಹಾಕೀನಿ. ದಾರ್ಯಾಗಿಂದ ನಿಮಗ ಫೋನ್ ಹಚ್ಚಿ ಹಚ್ಚಿ ಸಾಕಾತು." ಆಮೇಲೆ ನನ್ನ ಮುಖ ನೋಡಿ, "ಪಗಾರ ಇಲ್ಲದ ಇನ್ನೊಬ್ಬನ್ನ ಇಟಗೊಂಡೀರೇನು?" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಫೋನಿನ ತುಂಬ ಅವನ ಕರೆಗಳಿದ್ದವು. ಹುಲ್ಲಿನ ಮೇಲೆ ಆಗಲೇ ಹೆಪ್ಪುಗಟ್ಟಿದ ಇಬ್ಬನಿಯ ಬಿಳಿ ಕೂತಿತ್ತು. ಇನ್ನೊಮ್ಮೆ ಊದಲು ಕಂಪ್ರೆಸರ್ ಇರಲಿಲ್ಲ. ಮನೆಗೆ ಹೋಗಿ, ಕೆಲಸ ಹೋಯಿತೆಂದು ಹೆಂಡತಿಗೆ ಹೇಳುವ ಮಾತನ್ನು ಮನಸ್ಸಿನಲ್ಲೇ ಹಲವು ಬಾರಿ ತಿದ್ದಿದೆ.

ಚಳಿ ಇಳಿದ ಮೇಲೆ ಮೆಲ್ಲಗೆ ನೀರು ಬಿಟ್ಟೆವು. ರಸ್ತೆ ಬದಿ, ಶಿವಾನಂದ ಖುದ್ದು ನಿಂತಿದ್ದ ಜಾಗದಲ್ಲಿ, ಒಂದು ಪೈಪ್ ಬಿರಿದಿತ್ತು. ಕೆರೆಯ ಕಡೆ ಒಂದು ಹನಿಯೂ ಸೋರಲಿಲ್ಲ. ಒಂದೇ ಪೈಪಿಗೆ ಮುಗಿಯಿತೆಂದು ಮ್ಯಾನೇಜರು ಕೈಕುಲುಕಿ ನನ್ನನ್ನು ಹೊಗಳಿದ. ಆ ಹೊಗಳಿಕೆ ಯಾರಿಗೆ ಸಲ್ಲಬೇಕೋ ಅವರಿಗೆ ತಲುಪಿಸುವ ವಿಳಾಸ ನನ್ನಲ್ಲಿರಲಿಲ್ಲ.

"ಇನ್ನ ಮ್ಯಾಲೆ ಕೆರಿ ಕಡೆ ನೀವ ಹೋಗ್ರಿ," ಎಂದ ಶಿವಾನಂದ. ಅಂದಿನಿಂದ ನಾನೇ ಹೋಗುತ್ತೇನೆ. ಕಳೆದ ಚಳಿಗಾಲದಲ್ಲೂ ಹೋಗಿ ನಿಂತಿದ್ದೆ. ನೀರು ನಿಂತು ಗಾಳಿ ಬರತೊಡಗಿತು. ತಕ್ಷಣವೇ ಅತ್ತ ಕಂಪ್ರೆಸರಿನ ಬಳಿ ಶಿವಾನಂದ ವಾಲ್ವ್ ಮುಚ್ಚಿದ. ಅಷ್ಟು ಸರಿಯಾಗಿ ಹೇಗೆ ಮುಚ್ಚಿದೆಯೆಂದು ಆಮೇಲೆ ಕೇಳಿದೆ.

"ನೀವ ಕೈ ಎತ್ತಿದ್ರಲ್ರೀ," ಎಂದ.

ನನ್ನ ಎರಡೂ ಕೈಗಳು ಆಗ ಜಾಕೆಟ್ಟಿನ ಜೇಬಿನಲ್ಲಿದ್ದವು. ಅದನ್ನು ಶಿವಾನಂದನಿಗೆ ನಾನು ಇನ್ನೂ ಹೇಳಿಲ್ಲ.