ಜೋಡುಗುಂಡಿನ ಚೂರು

ಶಿವಣ್ಣಾ, ನಿನ್ನ ಡ್ರಾಯಿಂಗ್ ಮಾಸ್ತರ ಕೆಲಸವನ್ನು ತಪ್ಪಿಸಿದವನು ನಾನು. ಹೆಡ್‌ಮಾಸ್ತರರಲ್ಲ, ನಿನ್ನ ಹಣೆಬರಹವೂ ಅಲ್ಲ— ಹಣೆಬರಹವನ್ನು ನಾನು ಒಪ್ಪುವವನಲ್ಲ, ನಿನಗೆ ಗೊತ್ತು. ಒಂದು ಮಾತಿನಿಂದ ತಪ್ಪಿಸಿದೆ. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದೇ ಅದರ ಹೊಲಸು.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇರೆಯವರೂ ಓದಲಿ ಎಂದು. ಆ ಬೇಸಿಗೆ ನಾನು ಹೈದರಾಬಾದಿನ ಕಾಲೇಜಿನಿಂದ ಚರ್ಚಾಸ್ಪರ್ಧೆಯ ಬಹುಮಾನ ಹೊತ್ತು ಬಂದಿದ್ದೆ. ನೀನು ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ಕಾಡುದಾರಿಯ ಚಿತ್ರ ಬರೆಯುತ್ತಿದ್ದೆ— ಬಂಡೆಯ ಮೇಲೆ ಬಂಡೆ, ಮುಳ್ಳುಕಂಟಿ, ನಡುವೆ ಬಂಡಿಯ ಜಾಡು. ಕಿನ್ನಾಳದ ನಿಮ್ಮ ಮನೆಯವರು ಮರದ ಗೊಂಬೆಗೆ ಬಣ್ಣ ಹಾಕುವವರು; ಗುಡ್ಡ ಬರೆಯುವ ಹುಚ್ಚು ನಿನ್ನೊಬ್ಬನಿಗೇ. ಯಾವ ಗುಂಡುಬಂಡೆಯನ್ನು ಬರೆಯಬೇಕೋ ನೀನು ಅದರದೇ ಚೂರನ್ನು ಕುಟ್ಟಿ, ಅರೆದು, ಹುಣಸೆಬೀಜದ ಅಂಟಿನಲ್ಲಿ ಕಲಸಿ ಹಚ್ಚುತ್ತಿದ್ದೆ.

ಆ ದಾರಿಯ ಮಗ್ಗುಲಿಗೆ ಒಂದಕ್ಕೊಂದು ಆತು ನಿಂತ ಎರಡು ಬಂಡೆ, ಜೋಡುಗುಂಡು; ಅದರ ನೆರಳಲ್ಲಿ ರೊಟ್ಟಿ ತಿಂದು ನಾನು ವಾದಕ್ಕಿಳಿದೆ. “ಅಂಗಡ್ಯಾಗ ಬಣ್ಣ ಸಿಗ್ತೈತಿ. ಕಲ್ಲು ಅರದ್ರ ಚಿತ್ರಕ್ಕ ಜೀವ ಬರ್ತೈತೇನು? ಬರೇ ಮೂಢನಂಬಿಕಿ!”

ನೀನು ಅರೆಯುವ ಕಲ್ಲನ್ನು ನನ್ನ ಮುಂದೆ ತಳ್ಳಿದೆ. “ಬಾಯಿಲೆ ಸಾಕಷ್ಟು ಅರದಿ, ಪಂಡಿತಪ್ಪ. ಈಗ ಕೈಲೆ ಅರಿ.”

ಬಂಡಿ ಬಿಟ್ಟು ಕುಂತಿದ್ದವರೆಲ್ಲ ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ. ಅರೆದೆ. ಒಳಗೆ ಮಾತ್ರ— ಬಹುಮಾನ ಗೆದ್ದವನಿಗೆ ಬಂಡಿಯವರೆದುರು ಸೋಲು! ಅಷ್ಟು ಸಣ್ಣದು. ಅಷ್ಟೇ.

ಮಳೆಗಾಲ ಕಳೆದ ಮೇಲೆ, ದಾರಿ ಅಗಲ ಮಾಡಲು ಬಂದವರು ಜೋಡುಗುಂಡಿಗೆ ಮದ್ದಿಟ್ಟರು. ಅದು ಖಡಿಯಾಗಿ, ಜಲ್ಲಿಕಲ್ಲಾಗಿ ಅದೇ ದಾರಿಗೆ ಬಿತ್ತು. ನೀನಾಗ ಕುಷ್ಟಗಿಯಲ್ಲಿ ಯಾರದೋ ಮನೆಗೆ ಬಣ್ಣ ಹಚ್ಚುತ್ತಿದ್ದೆ. ರಜೆಗೆ ಬಂದಿದ್ದ ನಾನು ನಿಂತು ನೋಡಿದೆ.

ಮುಂದಿನ ವಾರವೇ ಕೊಪ್ಪಳದ ಸಾಲೆಯಿಂದ ನಿನಗೆ ಕರೆ ಬಂತು. ಮಾತು ಬಲ್ಲವನೆಂದು ನನ್ನನ್ನೂ ಕರೆದೊಯ್ದೆ. ಹೆಡ್‌ಮಾಸ್ತರರು ನಿನ್ನ ಜೋಡುಗುಂಡಿನ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಮೊನ್ನೆ ಅದ ದಾರೀಲೆ ಬಂದೀನಿ ತಮ್ಮಾ. ಇಂಥಾ ಗುಂಡು ಎಲ್ಲೂ ಕಾಣಲಿಲ್ಲ. ಹುಡುಗರಿಗೆ ಕಲಿಸಾಕ ಕಂಡದ್ದು ಬರಿಯಾವ ಬೇಕು, ಮನಸಿಗೆ ಬಂದದ್ದು ಬರಿಯಾವಲ್ಲ.”

“ಐತ್ರೀ ಸಾಹೇಬ್ರ! ಇವನ್ನ ಕೇಳ್ರಿ.”

ನಾನು ಹೇಳಿದೆ— “ನಾನೂ ಹೋದ ವಾರ ಆ ದಾರೀಲೆ ಬಂದೀನ್ರಿ. ಅಲ್ಲಿ ಗುಂಡಿಲ್ರಿ.”

ಅದನ್ನು ಒಡೆದರು ಎಂಬುದನ್ನು ನುಂಗಿದೆ.

ಮರುದಿನ ನೀನು ಗಂಗಾವತಿಯಿಂದ ನಡೆದೇ ಹೋಗಿ ಖಡಿಯ ರಾಶಿ ನೋಡಿ ಬಂದೆ. ಬಂದವನು ನನ್ನ ಹೆಗಲ ಮೇಲೆ ಕೈಯಿಟ್ಟೆ. “ಇರ್ಲಿ ಬಿಡೊ. ಒಡದದ್ದು ನಿನಗೂ ಗೊತ್ತಿದ್ದಿಲ್ಲ. ಕಂಡದ್ದು ಹೇಳಿದಿ. ಸುಳ್ಳು ಹೇಳಾವಲ್ಲ ನೀ.” ನಾನು— ಆ ಮಾತನ್ನು ತಿದ್ದಲಿಲ್ಲ. ವಾದದಲ್ಲಿ ಎಲ್ಲರನ್ನೂ ತಿದ್ದುವವನು.

ಅಷ್ಟರಲ್ಲಿ ಕೆಲಸ ಬೇರೆಯವರಿಗೆ ಹೋಗಿತ್ತು. ಈಗ ನೀನು ಹೊಸಪೇಟೆಯಲ್ಲಿ ಅಂಗಡಿ ಬೋರ್ಡು ಬರೆಯುತ್ತೀಯಂತೆ. ಗುಡ್ಡ ಬರೆಯುವುದನ್ನು ಬಿಟ್ಟೆಯಂತೆ.

ಈ ಬರಹವನ್ನು ಮೊದಲು ಹೆಡ್‌ಮಾಸ್ತರರ ಮುಂದೆ ಓದುತ್ತೇನೆ, ಆಮೇಲೆ ನಿನ್ನ ಮುಂದೆ. ಕ್ಷಮಿಸು ಎಂದು ಕೇಳುವುದಿಲ್ಲ. ಒಂದು ಮಾತು ಉಳಿದಿದೆ. ಒಡೆದ ದಿನ, ನಿನಗೆ ಕೊಡಬೇಕೆಂದು ಜೋಡುಗುಂಡಿನ ಚೂರೊಂದನ್ನು ಎತ್ತಿಕೊಂಡಿದ್ದೆ. ನಿನ್ನ ಚಿತ್ರದಲ್ಲಿದ್ದುದೂ ಅದೇ ಬಣ್ಣ, ನಾನೇ ಅರೆದದ್ದು. ಸಾಲೆಯಲ್ಲಿ ಗುಂಡಿಲ್ಲ ಎನ್ನುವಾಗ ಆ ಚೂರು ನನ್ನ ಜೇಬಿನಲ್ಲಿತ್ತು— ಮುಷ್ಟಿಯಲ್ಲಿ ಹಿಡಿದಿದ್ದೆ.