ಉನಾಳ ಮಟ್ಟು

ಸ್ಕಾಟ್ಲೆಂಡಿನಲ್ಲಿ ಪಿಟೀಲು ಹಿಡಿದವರೆಲ್ಲ "ಲೇಡಿ ಕಿಲ್‌ಬ್ರಾನ್" ಎಂದು ಒಂದು ಮಟ್ಟು ನುಡಿಸುತ್ತಾರಲ್ಲ, ಆ ಹೆಸರು ಶುದ್ಧ ಸುಳ್ಳು. ನಮ್ಮ ಧಣಿಗಳ ಹೆಂಡತಿ ಆ ಮಹಾತಾಯಿಗೆ ಪಿಟೀಲಿನ ತಲೆ ಯಾವುದು, ಬುಡ ಯಾವುದು ಗೊತ್ತಿರಲಿಲ್ಲ. ಈಗ ಆ ಮನೆಯವರೆಲ್ಲ ಸತ್ತಿದ್ದಾರೆ, ಧೈರ್ಯವಾಗಿ ಹೇಳಬಹುದು.

ಮಟ್ಟು ಕಟ್ಟಿದವನು ನನ್ನ ಪಕ್ಕದ ಮನೆಯ ಲಾಕ್ಲನ್, ಅವನ ಹೆಂಡತಿ ಉನಾ ತೀರಿಕೊಂಡ ವಾರ. ಹೆರಿಗೆ ಮಾಡಿಸಿದವಳು ನಾನೇ, ಸೂಲಗಿತ್ತಿ ಮೂರ್ನಾ. ಮಗು ಉಳಿಯಿತು, ತಾಯಿ ಉಳಿಯಲಿಲ್ಲ. ನಮ್ಮ ಕಣಿವೆಯಲ್ಲಿ ಹೆಸರು ಹೇಳದೆ ಯಾರೂ ಮಟ್ಟು ನುಡಿಸುವುದಿಲ್ಲ. ಲಾಕ್ಲನ್ ಕಮಾನು ಎತ್ತಿ "ಉನಾಳದ್ದು" ಎಂದರೆ ಎಂಥ ಕುಡುಕರೂ ಬಾಯಿ ಮುಚ್ಚುತ್ತಿದ್ದರು.

ಮಗಳು ಇಶ್ಬೆಲ್‌ಗೆ ಎರಡು ವರ್ಷ ತುಂಬುವಷ್ಟರಲ್ಲಿ ಧಣಿಗಳಿಗೆ ಕುರಿಯ ಹುಚ್ಚು ಹಿಡಿಯಿತು. ಮೇವಿಗೆ ಜಾಗ ಬೇಕೆಂದು ನಮ್ಮ ಹುಲ್ಲುಸೂರುಗಳಿಗೆ ಬೆಂಕಿ ಇಡಿಸತೊಡಗಿದರು. ಅವರ ಪಾರುಪತ್ಯಗಾರ ಲಾಕ್ಲನ್‌ನ ಬಾಗಿಲಿಗೆ ಬಂದ.

"ಏನಯ್ಯಾ, ನಿನ್ನ ಮಟ್ಟು ಅಮ್ಮಾವ್ರಿಗೆ ಹಿಡಿಸ್ಬಿಟ್ಟಿದೆ. ಪುಸ್ತಕದಲ್ಲಿ ಅಚ್ಚು ಹಾಕಿಸ್ತಾರಂತೆ. ಅವರ ಹೆಸರಿಡು, ನಿನ್ನ ಸೂರು ಉಳಿಯುತ್ತೆ."

"ಅದು ನನ್ನ ಹೆಂಡ್ತೀದು ಸ್ವಾಮಿ."

"ಸತ್ತೋಳಿಗೆ ಸೂರು ಯಾಕಯ್ಯಾ? ಮಗೂಗೆ ಬೇಕು ನೋಡು."

ಲಾಕ್ಲನ್ ಹೆಸರು ಕೊಟ್ಟ. "ಕಾಗದದಲ್ಲಿ ತಾನೇ, ಮೂರ್ನಾ? ನಮ್ಮೋರ ಬಾಯಲ್ಲಿ ಉನಾನೇ ಇರ್ತಾಳೆ ಬಿಡು" ಎಂದು ನನಗೆ ಹೇಳಿದ. ದಡ್ಡ ಮುಂಡೇದು! ನಮ್ಮವರನ್ನೆಲ್ಲ ದೇಶ ಬಿಡಿಸಿ ಹಡಗು ಹತ್ತಿಸಿಬಿಟ್ಟರು. ಉಳಿದದ್ದು ಎರಡೇ ಮನೆ, ಅವನದು ಮತ್ತು ನನ್ನದು. ಧಣಿಗಳ ದೊಡ್ಡಮನೆಗೂ ಸೂಲಗಿತ್ತಿ ಬೇಕಲ್ಲ. ಉನಾಳ ಹೆಸರು ಎತ್ತಿದರೆ ಆ ಸೂರೂ ಇಲ್ಲವೆಂದು ಇಬ್ಬರಿಗೂ ತಾಕೀತಾಯಿತು. ಹುಡುಗಿ ಬಾಯಿತಪ್ಪಿ ಆಡಿಬಿಟ್ಟಾಳೆಂದು ಲಾಕ್ಲನ್ ಮಟ್ಟು ಯಾರದೆಂದು ಮಗಳಿಗೂ ಹೇಳಲಿಲ್ಲ.

ಇಶ್ಬೆಲ್ ಬೆಳೆದು ದೊಡ್ಡಮನೆಯ ಕೆಲಸಕ್ಕೇ ಸೇರಿದಳು, ಅಲ್ಲಿನ ಕುದುರೆಯಾಳನ್ನೇ ಮದುವೆಯಾದಳು. ಮದುವೆಯ ಕುಣಿತಕ್ಕೆ ಅಮ್ಮಾವ್ರೂ ಬಂದು ಕೂತಿದ್ದರು.

"ಅಪ್ಪಾ, ಅಮ್ಮಾವ್ರದ್ದು ನುಡಿಸಪ್ಪಾ" ಎಂದಳು ಇಶ್ಬೆಲ್.

ಲಾಕ್ಲನ್ ಕಮಾನು ಎತ್ತಿದವನು ಅವಳನ್ನೇ ನೋಡುತ್ತ ನಿಂತ. ಹೊಟ್ಟೆಯೊಳಗೆ ಇಷ್ಟು ವರ್ಷ ಇಟ್ಟುಕೊಂಡದ್ದು ಅವತ್ತು ತಡೆಯಲಿಲ್ಲ.

"ಉನಾಳದ್ದು. ಇದು ನಿನ್ನಮ್ಮಂದು ಕಣೇ, ಮಗಳೇ."

ದೊಡ್ಡಮನೆಯ ಆಳುಕಾಳುಗಳೆಲ್ಲ ಗೊಳ್ಳೆಂದು ನಕ್ಕರು. ಇಶ್ಬೆಲ್‌ಳ ಮುಖ ಕೆಂಪೇರಿತು.

"ನನ್ನ ಮರ್ಯಾದೆ ಕಳೀಬೇಡಪ್ಪಾ! ಪುಸ್ತಕದಲ್ಲಿ ಅಚ್ಚಾಗಿದೆ. ಕುಡಿದಿದ್ದೀಯಾ?"

ಅವನು ನನ್ನ ಕಡೆ ತಿರುಗಿದ. "ಮೂರ್ನಾ, ನೀನಾದ್ರೂ ಹೇಳೇ."

ಅಮ್ಮಾವ್ರ ಕಣ್ಣು ನನ್ನ ಮೇಲಿತ್ತು.

"ಹೂಂ ಕಣಮ್ಮಾ, ಕುಡಿದಿದ್ದಾನೆ" ಎಂದೆ.

ಇಶ್ಬೆಲ್ ಅವನ ಕೈಯಿಂದ ಪಿಟೀಲು ಕಿತ್ತು ಬೇರೊಬ್ಬನಿಗೆ ಕೊಟ್ಟಳು. ಆ ಇನ್ನೊಬ್ಬ ಅಮ್ಮಾವ್ರ ಹೆಸರು ಹೇಳಿ ನುಡಿಸಿದ. ನಾನೂ ಕುಣಿದೆ.